ಅತಿಥಿಯೂ ಪೊರಕೆಯೂ

ಮನೆಯ ಮುಂದೆ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎಂಬ ನಂಬಿಕೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಇದೆ. ಕಾಗೆಯ ಕೂಗಿಗೂ ನೆಂಟರ ಬರವಿಗೂ ಯಾವ ಸಂಬಂಧವೂ ಇಲ್ಲವೆಂಬುದು ನಿಜ. ಆದರೂ ಆ ಕೂಗನ್ನು ಕೇಳಿದ ಗೃಹಿಣಿ ಒಂದು ಹಿಡಿ ಅಕ್ಕಿಯನ್ನು ಹೆಚ್ಚಾಗಿ ಬೇಯಲು ಹಾಕುತ್ತಿದ್ದಳು. ಅಂಗಳದ ಕಡೆಗೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ಈಗ ಕಾಗೆಯ ಕೆಲಸವನ್ನು ದೂರವಾಣಿ ವಹಿಸಿಕೊಂಡಿದೆ. “ಬಸ್ಸಿನಿಂದ ಇಳಿದಿದ್ದೇವೆ, ಇನ್ನು ಅರ್ಧ ಗಂಟೆಯಲ್ಲಿ ಬರುತ್ತೇವೆ” ಎಂಬ ಮಾತೊಂದು ಕಿವಿಗೆ ಬಿದ್ದರೆ ಸಾಕು, ಅದುವರೆಗೆ ಶಾಂತವಾಗಿದ್ದ ಮನೆ ರಣರಂಗವಾಗುತ್ತದೆ.

ಆ ಅರ್ಧ ಗಂಟೆಯ ಸಡಗರವನ್ನು ಕಂಡೇ ತಿಳಿಯಬೇಕು. ಕುರ್ಚಿಯ ಬೆನ್ನಿನ ಮೇಲೆ ಮೂರು ದಿನಗಳಿಂದ ವಿಶ್ರಮಿಸುತ್ತಿದ್ದ ಬಟ್ಟೆಗಳು ಗಂಟಾಗಿ ಮಂಚದ ಕೆಳಗೆ ಸೇರುತ್ತವೆ. ಹಳೆಯ ವೃತ್ತಪತ್ರಿಕೆಗಳು ಅಟ್ಟವನ್ನೇರುತ್ತವೆ. ಔಷಧದ ಸೀಸೆ, ಬಾಚಣಿಗೆ, ಬೀಗದ ಕೈ, ವಿದ್ಯುತ್ತಿನ ಬಿಲ್ಲು ಇವೆಲ್ಲವೂ ಭೇದಭಾವವಿಲ್ಲದೆ ಒಂದೇ ಡಬ್ಬಿಯೊಳಗೆ ಅಡಗುತ್ತವೆ. ಮರುದಿನ ಬೀಗದ ಕೈಯನ್ನು ಹುಡುಕುವುದಕ್ಕೆ ಮತ್ತೊಂದು ಅರ್ಧ ಗಂಟೆ ಬೇಕಾಗುತ್ತದೆ. ಗುಡಿಸಿದ ಕಸವನ್ನು ಹೊರಗೆ ಹಾಕುವಷ್ಟು ಸಮಯವಿಲ್ಲದೆ ಚಾಪೆಯ ಕೆಳಗೆ ತಳ್ಳುವುದೂ ಉಂಟು. ಕೊನೆಗೆ ಎರಡು ಊದುಬತ್ತಿಗಳನ್ನು ಹಚ್ಚಿ, ಬೆವರನ್ನು ಸೆರಗಿನಿಂದ ಒರೆಸಿಕೊಂಡು, “ಬನ್ನಿ, ಬನ್ನಿ, ಮನೆ ಸ್ವಲ್ಪ ಅಸ್ತವ್ಯಸ್ತವಾಗಿದೆ, ಏನೂ ತಿಳಿದುಕೊಳ್ಳಬೇಡಿ” ಎಂದು ಗೃಹಿಣಿ ಬಾಗಿಲು ತೆರೆಯುತ್ತಾಳೆ.

ಇದನ್ನು ಕಂಡು ನಗುವುದು ಸುಲಭ. ಆದರೆ ಈ ಸಡಗರವೆಲ್ಲ ತಪ್ಪೆಂದು ಹೇಳುವುದು ನ್ಯಾಯವಾಗಲಾರದು. ‘ಅತಿಥಿ’ ಎಂಬ ಶಬ್ದಕ್ಕೆ, ಬರುವ ತಿಥಿ ಗೊತ್ತಿಲ್ಲದವನು ಎಂಬ ಅರ್ಥವನ್ನು ಹಿರಿಯರು ಹೇಳುತ್ತಾ ಬಂದಿದ್ದಾರೆ. ಹಾಗೆ ಹೇಳದೆ ಬಂದವನನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯ ಉಪನಿಷತ್ತು ಶಿಷ್ಯರಿಗೆ ಉಪದೇಶಿಸಿದೆ. ದೂರದಿಂದ ಬಂದವನಿಗೆ ಕುಳಿತುಕೊಳ್ಳಲು ಶುಚಿಯಾದ ಸ್ಥಳವಿರಲಿ ಎಂದು ಬಯಸುವುದು ಸೌಜನ್ಯವೇ ಹೊರತು ಆಡಂಬರವಲ್ಲ. ಪೊರಕೆಯನ್ನು ಕೈಗೆತ್ತಿಕೊಳ್ಳುವಂತೆ ಮಾಡುವ ಮೊದಲ ಪ್ರೇರಣೆ ಒಳ್ಳೆಯದೇ ಆಗಿದೆ.

ಹಿಂದಿನ ಕಾಲದ ಮನೆಗಳ ರಚನೆಯೇ ಈ ಕಷ್ಟವನ್ನು ಅರ್ಧದಷ್ಟು ಕಡಿಮೆ ಮಾಡುತ್ತಿತ್ತು. ಮನೆಯ ಮುಂದೆ ಜಗಲಿ ಇರುತ್ತಿತ್ತು. ಬಂದವರು ಕಾಲು ತೊಳೆಯಲು ನೀರು ಕೊಟ್ಟು, ಜಗಲಿಯ ಮೇಲೆ ಕುಳ್ಳಿರಿಸಿ, ಬೆಲ್ಲ ಮತ್ತು ನೀರನ್ನು ಮುಂದಿಡುವುದು ವಾಡಿಕೆಯಾಗಿತ್ತು. ಕಾಲಿನ ಧೂಳು ಹೊರಗೇ ಉಳಿಯುತ್ತಿತ್ತು. ಪ್ರಯಾಣದ ದಣಿವು ಆರುತ್ತಿತ್ತು. ಅಷ್ಟರಲ್ಲಿ ಒಳಗಿನವರಿಗೆ ನಡುಮನೆಯನ್ನು ಸರಿಪಡಿಸಿಕೊಳ್ಳಲು ಬಿಡುವೂ ದೊರೆಯುತ್ತಿತ್ತು. ಇಂದಿನ ನಗರದ ಮನೆಗಳಲ್ಲಿ ಬಾಗಿಲು ತೆರೆದರೆ ಇಡೀ ಸಂಸಾರವೇ ಕಣ್ಣಿಗೆ ಬೀಳುತ್ತದೆ. ಜಗಲಿ ಹೋದಮೇಲೆ ಜಗಲಿ ನೀಡುತ್ತಿದ್ದ ಆ ಬಿಡುವೂ ಹೋಯಿತು.

ಆದರೆ ಸೌಜನ್ಯವಾಗಿ ಆರಂಭವಾದದ್ದು ಎಷ್ಟೋ ಸಲ ಭಯವಾಗಿ ಬೆಳೆಯುತ್ತದೆ ಎಂಬುದನ್ನು ಮರೆಯಲಾಗದು. ಬಂದವರು ಸುಖವಾಗಿ ಕುಳಿತುಕೊಳ್ಳಲಿ ಎಂಬ ಚಿಂತೆ ಹಿಂದಕ್ಕೆ ಸರಿದು, ಬಂದವರು ಏನೆಂದುಕೊಂಡಾರು ಎಂಬ ಚಿಂತೆ ಮುಂದೆ ಬರುತ್ತದೆ. ಆಗ ಅತಿಥಿ ಅತಿಥಿಯಾಗಿ ಉಳಿಯುವುದಿಲ್ಲ. ತಪ್ಪು ಹುಡುಕಲು ಬಂದ ತನಿಖಾಧಿಕಾರಿಯಾಗುತ್ತಾನೆ. ಕೆಲಸದ ಗುರಿಯೂ ಬದಲಾಗುತ್ತದೆ. ಕೊಳೆಯನ್ನು ಕಳೆಯುವುದರ ಬದಲು ಕೊಳೆಯನ್ನು ಮರೆಮಾಡುವುದೇ ಗುರಿಯಾಗುತ್ತದೆ. 12ನೆಯ ಶತಮಾನದಲ್ಲಿ ಬಸವಣ್ಣನವರು, ಬಂದವರನ್ನು ಕ್ಷೇಮವೇ ಎಂದು ಕೇಳದ, ಕುಳಿತುಕೊಳ್ಳಿ ಎನ್ನದ, ಅವರೊಡನೆ ಮಾತನಾಡದ ಜನರನ್ನು ಒಂದು ವಚನದಲ್ಲಿ ಕಟುವಾಗಿ ಪ್ರಶ್ನಿಸಿದ್ದಾರೆ. ಆ ವಚನದಲ್ಲಿ ಮನೆಯ ಅಂದಚಂದದ ಪ್ರಸ್ತಾಪವೇ ಇಲ್ಲ. ಬಂದವರಿಗೆ ಸಲ್ಲಬೇಕಾದದ್ದು ಮೊದಲು ಒಳ್ಳೆಯ ಮಾತು ಎಂಬುದೇ ಅದರ ತಾತ್ಪರ್ಯ. ಮನೆಯೊಡತಿ ಆಯಾಸದಿಂದ ಏದುಸಿರು ಬಿಡುತ್ತಿರುವಾಗ ಆ ಒಳ್ಳೆಯ ಮಾತಿಗೆ ಉತ್ಸಾಹವಾದರೂ ಎಲ್ಲಿಂದ ಬರಬೇಕು?

ಅವಸರದ ಶುಚಿತ್ವಕ್ಕೆ ಇನ್ನೊಂದು ದೋಷವಿದೆ. ಅದು ಕಣ್ಣಿಗೆ ಕಾಣುವುದನ್ನು ಮಾತ್ರ ಮುಟ್ಟುತ್ತದೆ. ಮುಂದಿನ ಕೋಣೆಯ ಹಾಸು ಹೊಸದಾಗುತ್ತದೆ; ಹಿತ್ತಿಲಿನಲ್ಲಿ ಮುಚ್ಚಳವಿಲ್ಲದ ಪೀಪಾಯಿ, ಹೂಕುಂಡದ ತಟ್ಟೆ, ಒಡೆದ ತೆಂಗಿನ ಚಿಪ್ಪು, ಹಳೆಯ ಟೈರು ಇವುಗಳಲ್ಲಿ ನಿಂತ ನೀರು ಹಾಗೆಯೇ ಉಳಿಯುತ್ತದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ನೀರಿನಲ್ಲಿಯೇ. ಮೊಟ್ಟೆಯು ಮರಿಹುಳುವಾಗಿ, ಬೆಳೆದು, ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನಗಳು ಸಾಕು. ಆದುದರಿಂದಲೇ ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದುಮಾಡಿ, ಉಜ್ಜಿ ತೊಳೆದು, ಒಣಗಿಸಬೇಕೆಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಸೊಳ್ಳೆಗೆ ವಾರದ ಲೆಕ್ಕ ಗೊತ್ತು. ನೆಂಟರು ಬರುವ ದಿನದ ಲೆಕ್ಕ ಗೊತ್ತಿಲ್ಲ. ಅವಸರ ಕೆಲವೊಮ್ಮೆ ಅಪಾಯವನ್ನೂ ತರುತ್ತದೆ. ಬಚ್ಚಲು ಬೇಗನೆ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪುಡಿಯನ್ನೂ ಆಮ್ಲವುಳ್ಳ ದ್ರಾವಣವನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಗಾಳಿಯಾಡದ ಸಣ್ಣ ಬಚ್ಚಲುಮನೆಯಲ್ಲಿ ಅದು ಉಸಿರಾಟಕ್ಕೇ ಸಂಚಕಾರ ತರಬಲ್ಲುದು.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಆ ಅರ್ಧ ಗಂಟೆಯಲ್ಲಿ ಓಡಾಡುವ ಕಾಲುಗಳು ಯಾರವು? ಭಾರತ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ, ಜನರು ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂಬುದನ್ನು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆಂದು ಅದರಿಂದ ತಿಳಿದುಬಂದಿತು. ಗಂಡಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಮಾತ್ರ ಆ ಕೆಲಸಕ್ಕೆ ಕೈಹಾಕುತ್ತಾರೆಂಬುದನ್ನೂ ಗಮನಿಸಬೇಕು. ನೆಂಟರು ಬರುವ ಸುದ್ದಿ ಬಂದಾಗ ತಾಯಿ ಗುಡಿಸುತ್ತಾಳೆ, ಮಗಳು ಒರೆಸುತ್ತಾಳೆ. ತಂದೆ ಅಂಗಿಯನ್ನು ಬದಲಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ, ಮಗ ಬಿಸ್ಕತ್ತು ತರುವ ನೆಪದಲ್ಲಿ ಅಂಗಡಿಗೆ ಹೋಗುತ್ತಾನೆ. ಮನೆ ಚೆನ್ನಾಗಿದ್ದರೆ ಹೊಗಳಿಕೆ ಎಲ್ಲರಿಗೂ ಸಲ್ಲುತ್ತದೆ. ಕಸ ಕಂಡರೆ ನಾಚಿಕೆಪಡಬೇಕಾದವಳು ತಾಯಿಯೊಬ್ಬಳೇ ಆಗುತ್ತಾಳೆ. ಇದು ಯಾವ ಬಗೆಯ ನ್ಯಾಯ?

ಪೊರಕೆ ಹಿಡಿಯುವುದು ಕೀಳು ಕೆಲಸವೆಂಬ ಭಾವನೆಯೇ ಈ ಅನ್ಯಾಯದ ಮೂಲ. ಗಾಂಧೀಜಿಯವರು 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದಾಗ ಅಲ್ಲಿಯ ಶೌಚಾಲಯಗಳು ಅತ್ಯಂತ ಹೊಲಸಾಗಿದ್ದವು. ಅದು ತಮ್ಮ ಕೆಲಸವಲ್ಲವೆಂದು ಸ್ವಯಂಸೇವಕರು ಹೇಳಿದರು. ಗಾಂಧೀಜಿ ಒಂದು ಪೊರಕೆಯನ್ನು ಹುಡುಕಿ ತಂದು ತಾವೇ ಶುಚಿಮಾಡಿದರು. ಅಲ್ಲಿಗೆ ಅವರು ಹೊರಗಿನಿಂದ ಬಂದವರು. ಆದರೂ ಆ ಕೆಲಸವನ್ನು ತಮ್ಮದೆಂದು ತಿಳಿದರು. ಮನೆಯವನೇ ಆದ ಮಗನಿಗೆ ಮನೆಯ ಕಸ ತನ್ನದಲ್ಲವೆನ್ನಿಸಿದರೆ ಅವನ ವಿದ್ಯೆಗೆ ಏನು ಬೆಲೆ?

ಒಂದು ಮನೆಯಲ್ಲಿ ಕಾಣುವ ಈ ಗುಣ ಊರಿನಲ್ಲಿಯೂ ನಾಡಿನಲ್ಲಿಯೂ ಕಾಣುತ್ತದೆ. ತನಿಖೆಗೆ ಅಧಿಕಾರಿಗಳು ಬರುವರೆಂದರೆ ಶಾಲೆಯ ಗೋಡೆಗೆ ಸುಣ್ಣ ಬೀಳುತ್ತದೆ; ಗಣ್ಯರು ಬರುವರೆಂದರೆ ಬೀದಿಯ ಹಳ್ಳಗಳು ಒಂದೇ ರಾತ್ರಿಯಲ್ಲಿ ತುಂಬುತ್ತವೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಜಿ-20 ರಾಷ್ಟ್ರಗಳ ಸಮ್ಮೇಳನ ನಡೆದಾಗ ಕೆಲವು ಕೊಳೆಗೇರಿಗಳ ಮುಂದೆ ಹಸಿರು ಪರದೆಗಳನ್ನು ಕಟ್ಟಲಾಗಿತ್ತು. ಬಡತನ ಅದರಿಂದ ಕಡಿಮೆಯಾಗಲಿಲ್ಲ. ನೋಡುವವರ ಕಣ್ಣಿಗೆ ಮರೆಯಾಯಿತು, ಅಷ್ಟೆ. ಇದಕ್ಕೆ ಪ್ರತಿಯಾದ ನಿದರ್ಶನವೂ ಇಲ್ಲದಿಲ್ಲ. ದೇಶದ ನಗರಗಳ ಶುಚಿತ್ವವನ್ನು ಅಳೆದಾಗ 2015ರಲ್ಲಿಯೂ 2016ರಲ್ಲಿಯೂ ಮೈಸೂರು ಮೊದಲನೆಯ ಸ್ಥಾನವನ್ನು ಪಡೆಯಿತು. ಅಂತಹ ಕೀರ್ತಿ ಒಂದು ದಿನದ ಸಡಗರದಿಂದ ಬರುವುದಿಲ್ಲ. ಊರು ಏಳುವ ಮೊದಲೇ ಎದ್ದು ಬೀದಿ ಗುಡಿಸುವ ಪೌರಕಾರ್ಮಿಕರ ದಿನದಿನದ ದುಡಿಮೆ ಅದರ ಹಿಂದೆ ಇದೆ.

ಹಾಗಾದರೆ ಹೇಳದೆ ನೆಂಟರು ಬಂದಾಗ ಮಾಡಬೇಕಾದುದೇನು? ದೊರೆತ ಅರ್ಧ ಗಂಟೆಯಲ್ಲಿ ಬಂದವರಿಗೆ ನಿಜವಾಗಿ ಬೇಕಾದ ನಾಲ್ಕು ಕೆಲಸಗಳನ್ನು ಮಾಡಿದರೆ ಸಾಕು. ಹೊಸ್ತಿಲು ಗುಡಿಸಿರಲಿ, ಕುಳಿತುಕೊಳ್ಳುವ ಸ್ಥಳ ತೆರವಾಗಿರಲಿ, ಕುಡಿಯುವ ನೀರಿನ ಲೋಟ ಶುಭ್ರವಾಗಿರಲಿ, ಕೈಕಾಲು ತೊಳೆಯುವ ಬಚ್ಚಲು ಶುಚಿಯಾಗಿರಲಿ. ಮನೆಯಲ್ಲಿ ಎಷ್ಟು ಜನರಿದ್ದರೆ ಅಷ್ಟೂ ಜನ ಕೈಜೋಡಿಸಿದರೆ ಇದಕ್ಕೆ ಕಾಲು ಗಂಟೆಯೂ ಹಿಡಿಯುವುದಿಲ್ಲ. ಓದುವ ಪುಸ್ತಕ ಮೇಜಿನ ಮೇಲಿದ್ದರೆ, ಮಗುವಿನ ಆಟಿಕೆ ಮೂಲೆಯಲ್ಲಿದ್ದರೆ ಅದು ಅವಮಾನವಲ್ಲ. ಅಲ್ಲಿ ಜನರು ಬಾಳುತ್ತಿದ್ದಾರೆ ಎಂಬುದಕ್ಕೆ ಗುರುತು. ಉಳಿದ ಶುಚಿತ್ವವು ಅತಿಥಿಗಾಗಿ ಕಾಯಬೇಕಾದುದಲ್ಲ. ಎದ್ದ ಕೂಡಲೆ ಹಾಸಿಗೆಯನ್ನು ಮಡಿಸುವುದು, ಉಂಡ ತಟ್ಟೆಯನ್ನು ತಾನೇ ತೊಳೆದಿಡುವುದು, ತೆಗೆದ ವಸ್ತುವನ್ನು ತೆಗೆದಲ್ಲಿಯೇ ಇಡುವುದು, ಇವು ಒಂದೆರಡು ನಿಮಿಷಗಳ ಕೆಲಸಗಳು. ಇವನ್ನು ಬಿಟ್ಟು ಕೊನೆಯ ಗಳಿಗೆಯಲ್ಲಿ ಪೊರಕೆ ಹುಡುಕುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ.

ವರ್ಷಕ್ಕೆ ಹತ್ತು ಸಲ ಬರುವ ನೆಂಟನಿಗೆ ಶುಚಿಯಾದ ಮನೆ ಬೇಕೆಂದರೆ, ವರ್ಷದ 365 ದಿನವೂ ಅಲ್ಲಿಯೇ ಉಸಿರಾಡುವ ತಂದೆತಾಯಿಗಳಿಗೆ, ಮಕ್ಕಳಿಗೆ, ಮೂಲೆಯಲ್ಲಿ ಮಲಗಿರುವ ಮುದುಕಿಗೆ ಅದು ಬೇಡವೇ? ಪರರಿಗೆ ತೋರುವ ಗೌರವದಲ್ಲಿ ಒಂದು ಪಾಲನ್ನಾದರೂ ಮನೆಯವರಿಗೆ ಸಲ್ಲಿಸಬೇಕು. ಹಾಗೆ ಸಲ್ಲಿಸುವ ಮನೆಯ ಬಾಗಿಲನ್ನು ಯಾರು ಯಾವ ಹೊತ್ತಿನಲ್ಲಿ ತಟ್ಟಿದರೂ ಒಳಗಿನವರು ಅಂಜಬೇಕಾಗಿಲ್ಲ.