ಹಳೆಯ ಜೀಪಿನ ಬೆಲೆ ಬಣ್ಣದಲ್ಲಿಲ್ಲ, ದಾಖಲೆಯಲ್ಲಿದೆ

ಹಾಸನ ಜಿಲ್ಲೆಯ ತೋಟದ ಶೆಡ್ಡುಗಳಲ್ಲಿ, ಗಿರಣಿಗಳ ಹಿತ್ತಲಿನಲ್ಲಿ, ಗ್ಯಾರೇಜುಗಳ ಮೂಲೆಗಳಲ್ಲಿ ಇಂದಿಗೂ ಹಳೆಯ ಜೀಪುಗಳು ನಿಂತಿವೆ. ಇವುಗಳಲ್ಲಿ ಕೆಲವು ಗುಜರಿಯ ತೂಕಕ್ಕೆ ಹೋಗುತ್ತಿವೆ. ಇನ್ನು ಕೆಲವು ದೊಡ್ಡ ನಗರಗಳ ಹವ್ಯಾಸಿಗಳ ಪಾಲಾಗಿ, ಅಲ್ಲಿಯೇ ದುರಸ್ತಿಗೊಂಡು, ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿವೆ. ವಾಹನ ನಮ್ಮದು, ಕಬ್ಬಿಣದ ಕೆಲಸ ಬಲ್ಲ ಕೈಗಳೂ ನಮ್ಮವು. ಲಾಭ ಮಾತ್ರ ಬೇರೆಯವರದು. ಇದಕ್ಕೆ ಕಾರಣ ಕೌಶಲದ ಕೊರತೆಯಲ್ಲ. ಮಾಡಿದ ಕೆಲಸವನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಇಲ್ಲದಿರುವುದೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಜೀಪು ಬಂದ ದಾರಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಟ್ಟು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರ ಸಂಸ್ಥೆಯಾಗಿ ಆರಂಭವಾದ ಮಹೀಂದ್ರ, 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ವ್ಯಾಪಾರಿಗಳು ತಯಾರಕರಾದ ಈ ಉದಾಹರಣೆ ನಮ್ಮ ಓದುಗರ ಗಮನಕ್ಕೆ ಯೋಗ್ಯವಾದುದು. ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾದ ಸಿ.ಜೆ.-3ಬಿ ಮಾದರಿ, ಭಾರತದಲ್ಲಿ ರೂಪಾಂತರ ಹೊಂದುತ್ತ ಆ ಬಳಿಕವೂ ದಶಕಗಳ ಕಾಲ ಮುಂದುವರಿಯಿತು. ಇದರ ಜೊತೆಗೆ ಜಬಲ್‌ಪುರದ ಸೇನಾ ವಾಹನ ಕಾರ್ಖಾನೆಯಲ್ಲಿ ನಿಸ್ಸಾನ್ ಮಾದರಿಯನ್ನು ಆಧರಿಸಿ ತಯಾರಾದ ಜೋಂಗಾ, 1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಇವೂ ಇಂದು ಹವ್ಯಾಸಿಗಳು ಹುಡುಕುವ ವಾಹನಗಳೇ ಆಗಿವೆ.

ಕೊಳ್ಳುವ ಮುನ್ನ

ಈ ವ್ಯವಹಾರದಲ್ಲಿ ಮೊದಲ ಮೋಸ ಹೆಸರಿನದು. ಮಹೀಂದ್ರ ಜೀಪಿಗೆ ಸೇನೆಯ ಹಸಿರು ಬಣ್ಣ ಬಳಿದು ಯುದ್ಧಕಾಲದ ವಿಲ್ಲಿಸ್ ಎಂದು ಮಾರುವುದುಂಟು. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಯುದ್ಧಕಾಲದ ಜೀಪಿನ ಮುಂಭಾಗದ ಒತ್ತು ತಗಡಿನ ಜಾಲರಿಗೆ ಒಂಬತ್ತು ಸೀಳುಗಳಿರುತ್ತವೆ, ದೀಪಗಳು ಜಾಲರಿಯ ಹಿಂದೆ ಒಳಗೆ ಕುಳಿತಿರುತ್ತವೆ, ಹಿಂದೆ ತೆರೆಯುವ ಬಾಗಿಲು ಇರುವುದಿಲ್ಲ. ಸಿ.ಜೆ.-3ಬಿ ಮಾದರಿಯಲ್ಲಿ ಎತ್ತರವಾದ ಹರಿಕೇನ್ ಎಂಜಿನ್ನಿಗೆ ಜಾಗ ಮಾಡಿಕೊಡಲು ಬಾನೆಟ್ಟನ್ನು ಎತ್ತರಿಸಲಾಗಿದೆ.

ಎರಡನೆಯದು ಸಂಖ್ಯೆಯ ಪ್ರಶ್ನೆ. ಚಾಸಿಯ ಮೇಲಿನ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಆರ್‌ಸಿ ಪುಸ್ತಕದಲ್ಲಿರುವ ಸಂಖ್ಯೆಗಳು ಪರಸ್ಪರ ಹೊಂದದಿದ್ದಲ್ಲಿ, ಎಷ್ಟೇ ಅಂದವಾದ ವಾಹನವಾದರೂ ಮುಂಗಡ ಕೊಡಬಾರದು. ಬಳಿಕ ಚಾಸಿಯ ತುಕ್ಕು, ನೆಲದ ತಗಡಿನ ಕೆಳಗಿನ ಆಧಾರ ಪಟ್ಟಿಗಳು, ಗೇರು ತಾನಾಗಿ ಜಾರುವುದೇ ಎಂಬುದು, ನಾಲ್ಕು ಚಕ್ರದ ಲಿವರ್ ನಿಜವಾಗಿ ಹಿಡಿಯುವುದೇ ಎಂಬುದು, ಇಷ್ಟನ್ನು ನೋಡಬೇಕು. ಪುಟ್ಟಿ ತುಂಬಿ ಮುಚ್ಚಿದ ತೂತನ್ನು ಸಾಧಾರಣ ಅಯಸ್ಕಾಂತವೇ ತೋರಿಸಿಕೊಡುತ್ತದೆ.

ಕಾನೂನು ಏನು ಹೇಳುತ್ತದೆ

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಪ್ರಾಚೀನ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗದ ಖಾಸಗಿ ವಾಹನಕ್ಕೆ ಈ ಸೌಲಭ್ಯ ಅನ್ವಯವಾಗುತ್ತದೆ. ಆ ನಿಯಮದಂತೆ ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹಿಂದೆಯೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ಸಂಖ್ಯೆ ಹೊತ್ತ ಜೀಪಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇರೆ ಇಲ್ಲ. ಆದರೆ ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಿಕೆ ಮುಂತಾದ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ಬಾಡಿಗೆಗೆ ಬಿಡುವಂತಿಲ್ಲ. ಸಕಲೇಶಪುರದ ಕಡೆಯ ಅತಿಥಿಗೃಹಗಳಿಗೆ ಹಳೆಯ ಜೀಪು ಒದಗಿಸಬೇಕೆಂದಿರುವ ನಮ್ಮ ಸದಸ್ಯರು ಇದನ್ನು ಮೊದಲೇ ತಿಳಿದಿರುವುದು ಒಳಿತು.

ಇನ್ನೊಂದು ವಿಷಯ ಇದಕ್ಕಿಂತಲೂ ಗಂಭೀರವಾದುದು. ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಸ್ಪಷ್ಟವಾಗಿ ಎತ್ತಿಹಿಡಿಯಿತು. ಪೆಟ್ರೋಲ್ ಜೀಪಿಗೆ ಬೇರೆ ಕಂಪನಿಯ ಡೀಸೆಲ್ ಎಂಜಿನ್ ಕೂರಿಸುವುದು, ಚಾಸಿ ಕತ್ತರಿಸಿ ಉದ್ದ ಮಾಡುವುದು ನಮ್ಮ ಗ್ಯಾರೇಜುಗಳಿಗೆ ದಶಕಗಳಿಂದ ರೂಢಿಯಾದ ಕೆಲಸ. ಇಂತಹ ಕೆಲಸದಿಂದ ಗಿರಾಕಿಗೆ ಅಂದಿನ ಅನುಕೂಲವಾಗಬಹುದು. ಆದರೆ ವಾಹನದ ನೋಂದಣಿಗೆ ಕುತ್ತು ಬರುತ್ತದೆ. ಮೊದಲು ಬಂದ ಜಿಪ್ಸಿಗಳಿಗೆ 2035ರ ಕೊನೆಯಿಂದ 50 ವರ್ಷ ತುಂಬತೊಡಗುತ್ತದೆ. ಅಂದು ಯಾವುದು ಪ್ರಾಚೀನ ವಾಹನವೆನಿಸಿಕೊಳ್ಳುತ್ತದೆ, ಯಾವುದು ಗುಜರಿಗೆ ಸೇರುತ್ತದೆ ಎಂಬುದನ್ನು ಇಂದು ನಮ್ಮ ಗ್ಯಾರೇಜುಗಳು ಮಾಡುವ ಕೆಲಸವೇ ತೀರ್ಮಾನಿಸುತ್ತದೆ.

ಹೊರಗಿನ ಎರಡು ಉದಾಹರಣೆಗಳು

ಹರಿಯಾಣದ ಮಂಡಿ ಡಬ್ವಾಲಿ ಮಾರ್ಪಡಿಸಿದ ಜೀಪುಗಳಿಗೆ ದೇಶದಾದ್ಯಂತ ಹೆಸರಾದ ಊರು. ಅಲ್ಲಿನ ಕುಶಲತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಾರ್ಪಾಡನ್ನೇ ನಂಬಿದ ಉದ್ಯಮಕ್ಕೆ 52ನೇ ಕಲಮಿನ ಭಯ ಎಂದಿಗೂ ತಪ್ಪದು. ಇದಕ್ಕೆ ಪ್ರತಿಯಾಗಿ ಫಿಲಿಪ್ಪೀನ್ಸ್ ದೇಶವನ್ನು ನೋಡಬಹುದು. ಯುದ್ಧಾನಂತರ ಅಮೆರಿಕನ್ನರು ಬಿಟ್ಟುಹೋದ ಜೀಪುಗಳಿಂದ ಅಲ್ಲಿ ಜೀಪ್ನಿ ಎಂಬ ಜನಸಾರಿಗೆ ವಾಹನ ಹುಟ್ಟಿತು. ಅಲ್ಲಿನ ಎಂ.ಡಿ. ಹುವಾನ್ ಎಂಬ ಸಂಸ್ಥೆ ಯುದ್ಧಕಾಲದ ಜೀಪಿನ ಬಾಡಿಯನ್ನು ಮೂಲದ ಅಳತೆಯಲ್ಲೇ ತಯಾರಿಸಿ ಹೊರದೇಶಗಳ ಹವ್ಯಾಸಿಗಳಿಗೆ ಮಾರುತ್ತದೆ. ಎರಡೂ ಕಡೆ ಕೆಲಸ ತಗಡಿನದೇ, ಸಲಕರಣೆಗಳೂ ಬಹುಮಟ್ಟಿಗೆ ಅವೇ. ಒಂದು ಕಡೆ ಮೂಲದಿಂದ ದೂರ ಹೋಗುವುದು ಕಸುಬು, ಇನ್ನೊಂದು ಕಡೆ ಮೂಲಕ್ಕೆ ನಿಷ್ಠವಾಗಿರುವುದು ಕಸುಬು. ನಾವು ಎರಡನೆಯ ದಾರಿಯನ್ನು ಆರಿಸಿಕೊಳ್ಳಬೇಕು.

ನಮ್ಮ ನಾಲ್ಕು ಊರುಗಳ ಶಕ್ತಿ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮತ್ತು ಬೋರಿಂಗ್ ಕೆಲಸ ಬಲ್ಲವರಿದ್ದಾರೆ. ಚನ್ನರಾಯಪಟ್ಟಣವು ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿದ್ದು, ಅಲ್ಲಿ ಟಿಂಕರಿಂಗ್, ಪೇಂಟಿಂಗ್ ಹಾಗೂ ಕುಷನ್ ಕೆಲಸಕ್ಕೆ ರಾಜಧಾನಿಯ ಗಿರಾಕಿ ಬಂದು ಹೋಗುವುದು ಸುಲಭ. ಹೊಳೆನರಸೀಪುರ ಮತ್ತು ಅರಕಲಗೂಡಿನ ಟ್ರ್ಯಾಕ್ಟರ್ ಮೆಕ್ಯಾನಿಕ್ಕುಗಳ ಅನುಭವವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಹೀಂದ್ರದ ಕೆಲವು ಡೀಸೆಲ್ ಜೀಪುಗಳ ಎಂಜಿನ್ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಎಂಜಿನ್ ವಂಶದ್ದೇ ಆಗಿರುವುದರಿಂದ ಅವರಿಗೆ ಅದು ಅಪರಿಚಿತವಲ್ಲ. ಅರಕಲಗೂಡಿನ ನೆರೆಯಲ್ಲೇ ಕೊಡಗಿನ ಸೋಮವಾರಪೇಟೆ ಸೀಮೆಯ ತೋಟಗಳಿವೆ. ಹಳೆಯ ವಾಹನಗಳಿಗೂ ಅವನ್ನು ಪ್ರೀತಿಸುವವರಿಗೂ ಅಲ್ಲಿ ಬರವಿಲ್ಲ.

ಕೊರತೆಯಿರುವುದು ಬರವಣಿಗೆಯಲ್ಲಿ. ದುರಸ್ತಿಗೆ ಬಂದ ಪ್ರತಿಯೊಂದು ಜೀಪಿಗೂ ಒಂದು ಕಡತ ಇರಬೇಕು. ಬಂದ ದಿನದ ಛಾಯಾಚಿತ್ರಗಳು, ಸಂಖ್ಯೆಗಳ ಅಚ್ಚು, ತೆಗೆದ ಭಾಗ, ಹಾಕಿದ ಭಾಗ, ಅದು ಮೂಲದ್ದೋ ಹೊಸದೋ ಎಂಬ ಟಿಪ್ಪಣಿ ಮತ್ತು ಬಿಲ್ಲುಗಳು ಅದರಲ್ಲಿರಬೇಕು. ಒಂದು ಕಡೆ ಹೊಸ ತಗಡು ಹಾಕಿದ್ದರೆ ಹಾಗೆಂದೇ ಬರೆಯಬೇಕು. ಕೊಳ್ಳುವವನಿಗೆ ಭಯವಿರುವುದು ಹೊಸ ತಗಡಿನದಲ್ಲ, ಮುಚ್ಚಿಟ್ಟ ತಗಡಿನದು.

ಬರೆದಿಟ್ಟರೆ ತೆರಿಗೆಯ ತೊಂದರೆ ಎಂಬ ಅಳುಕು ಕೆಲವರಲ್ಲಿದೆ. ಸೇವೆ ಒದಗಿಸುವ ಸಣ್ಣ ಗ್ಯಾರೇಜಿನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಕಡ್ಡಾಯವಲ್ಲ. ಮೊದಲು ಬಹುಪಾಲು ಬಿಡಿಭಾಗಗಳ ಮೇಲಿದ್ದ ಶೇಕಡ 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದಿದೆ. ಹಳೆಯ ವಾಹನ ಕೊಂಡು ಮಾರುವ ನೋಂದಾಯಿತ ವ್ಯಾಪಾರಿಗೆ 2025ರ ಜನವರಿಯಿಂದ ಶೇಕಡ 18ರ ತೆರಿಗೆ ಬೀಳುವುದು ಪೂರ್ಣ ಬೆಲೆಯ ಮೇಲಲ್ಲ, ಆತನ ಲಾಭಾಂಶದ ಮೇಲೆ. ಕೊಂಡ ಬೆಲೆಯ ಪುರಾವೆ ಇಲ್ಲದಿದ್ದರೆ ಆ ಲಾಭಾಂಶವನ್ನು ತೋರಿಸುವುದಾದರೂ ಹೇಗೆ?

ಸವಾರಿಯ ಸುಖ

ದುರಸ್ತಿಗೊಂಡ ಜೀಪು ಓಡಬೇಕು. ನಿಂತ ಜೀಪು ಕೆಡುತ್ತದೆ. ಆದರೆ ಈ ವಾಹನಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲ. ಆದ್ದರಿಂದ ನಾಲ್ಕು ಚಕ್ರದ ಲಿವರನ್ನು ಕೆಸರು, ಮರಳು, ಸಡಿಲ ಜಲ್ಲಿಯಲ್ಲಷ್ಟೇ ಹಾಕಬೇಕು. ಗಟ್ಟಿ ಟಾರು ರಸ್ತೆಯಲ್ಲಿ ಹಾಕಿದರೆ ಗೇರು ಮತ್ತು ಆಕ್ಸಲ್ಲುಗಳ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ. ಈಗ ಬಂಕುಗಳಲ್ಲಿ ದೊರೆಯುವ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಕೆಡಿಸಬಲ್ಲದು. ಎಥನಾಲ್ ತಡೆದುಕೊಳ್ಳುವ ಪೈಪು ಹಾಕುವುದು ದುರಸ್ತಿಯ ಮೊದಲ ಖರ್ಚಾಗಲಿ. ಬಿಸಿಲೆಯಂತಹ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ತೋಟದ ಮಾಲೀಕರ ಒಪ್ಪಿಗೆ ಪಡೆದು ಖಾಸಗಿ ದಾರಿಯಲ್ಲಿ ಓಡಿಸಿದರೆ ಹವ್ಯಾಸಕ್ಕೂ ಗೌರವ, ಮಲೆನಾಡಿಗೂ ಕ್ಷೇಮ.

ಸಂಸ್ಥೆಯ ಮುಂದಿರುವ ಕೆಲಸ

ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಯಾತ್ರಿಕರು ಹಳೆಯ ವಾಹನಗಳ ಮುಂದೆ ನಿಂತು ನೋಡುವುದನ್ನು ನಾವೆಲ್ಲ ಬಲ್ಲೆವು. ಆ ಆಸಕ್ತಿ ನಮ್ಮ ನಾಲ್ಕು ಊರುಗಳಿಗೆ ದುಡಿಮೆಯಾಗಬೇಕಾದರೆ ನಮ್ಮ ವಾಣಿಜ್ಯೋದ್ಯಮ ಸಂಸ್ಥೆ ಮೂರು ಕೆಲಸಗಳನ್ನು ಕೈಗೊಳ್ಳಬೇಕೆಂದು ಸೂಚಿಸಬಯಸುತ್ತೇನೆ. ಮೊದಲನೆಯದಾಗಿ, ದುರಸ್ತಿ ಕಡತದ ಒಂದು ಮಾದರಿ ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಗ್ಯಾರೇಜುಗಳಿಗೆ ಹಂಚಬೇಕು. ಎರಡನೆಯದಾಗಿ, ಸಾರಿಗೆ ಇಲಾಖೆಯ ಅಧಿಕಾರಿಗಳನ್ನು ಆಹ್ವಾನಿಸಿ 52ನೇ ಕಲಮು ಮತ್ತು 2021ರ ನಿಯಮಗಳ ಬಗ್ಗೆ ಒಂದು ದಿನದ ಶಿಬಿರ ನಡೆಸಬೇಕು. ಮೂರನೆಯದಾಗಿ, ಮಲೆನಾಡು ಇಂಜಿನಿಯರಿಂಗ್ ಕಾಲೇಜು ಹಾಗೂ ಜಿಲ್ಲೆಯ ಐಟಿಐಗಳ ನೆರವಿನಿಂದ ಬುಷ್, ಬ್ರಾಕೆಟ್, ನೆಲದ ತಗಡುಗಳಂತಹ ಬಿಡಿಭಾಗಗಳ ಅಳತೆಯ ನಕ್ಷೆಗಳನ್ನು ಸಿದ್ಧಪಡಿಸಿ ಸಣ್ಣ ತಯಾರಕರಿಗೆ ಒದಗಿಸಬೇಕು.

ಇವುಗಳಿಗೆ ದೊಡ್ಡ ಬಂಡವಾಳ ಬೇಡ. ಕೈಯಿಂದ ತಗಡು ತಿದ್ದಿ ಮೂಲದ ಆಕಾರಕ್ಕೆ ತರಬಲ್ಲ ಹಿರಿಯ ಕುಶಲಕರ್ಮಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಅವರು ಕಸುಬು ಬಿಡುವುದರೊಳಗೆ ಅವರ ಕೈಕೆಳಗೆ ನಾಲ್ಕು ಹುಡುಗರು ಕಲಿಯುವಂತಾದರೆ, ಈ ವ್ಯವಹಾರ ಜಿಲ್ಲೆಯಲ್ಲಿ ನೆಲೆ ನಿಲ್ಲುತ್ತದೆ. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಸಂಸ್ಥೆಯ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.