ಮೂರು ಪಡೆ, 17 ಕಮಾಂಡ್

ಭಾರತದ ಭೂಸೇನೆಗೆ ಏಳು ಕಮಾಂಡ್‌ಗಳಿವೆ, ವಾಯುಪಡೆಗೆ ಏಳು, ನೌಕಾಪಡೆಗೆ ಮೂರು. ಈ 17ರಲ್ಲಿ ಯಾವ ಎರಡರ ಕೇಂದ್ರ ಕಚೇರಿಯೂ ಒಂದೇ ಊರಿನಲ್ಲಿಲ್ಲ. ಈಶಾನ್ಯದ ಗಡಿ ಕಾಯುವ ಭೂಸೇನೆಯ ದಂಡನಾಯಕ ಕೋಲ್ಕತ್ತದಲ್ಲಿದ್ದರೆ, ಅದೇ ಗಡಿಯ ಆಕಾಶ ನೋಡಿಕೊಳ್ಳುವ ವಾಯುಪಡೆಯ ಅಧಿಕಾರಿ ಶಿಲ್ಲಾಂಗ್‌ನಲ್ಲಿರುತ್ತಾರೆ. ಕರ್ನಾಟಕದ ಮಟ್ಟಿಗೂ ಇದೇ ಚಿತ್ರ: ಇಲ್ಲಿನ ಭೂಸೇನೆಯ ಘಟಕಗಳು ಪುಣೆಯತ್ತ ನೋಡುತ್ತವೆ, ಕಾರವಾರದ ನೌಕಾನೆಲೆ ಮುಂಬೈಯತ್ತ. ವಾಯುಪಡೆಯ ತರಬೇತಿ ಕಮಾಂಡ್ ಮಾತ್ರ ಬೆಂಗಳೂರಿನಲ್ಲೇ ಇದೆ. ಒಂದು ಯುದ್ಧಕ್ಕೆ ಒಬ್ಬನೇ ಹೊಣೆಗಾರ ಇರಬೇಕೆನ್ನುವ ಸರಳ ತತ್ತ್ವಕ್ಕೆ ಈ ನಕ್ಷೆಯಲ್ಲಿ ಜಾಗವಿಲ್ಲ.

ಬ್ರಿಟಿಷರ ಕಾಲದಲ್ಲಿ ಮೂರೂ ಪಡೆಗಳ ಮೇಲೆ ಒಬ್ಬ ಕಮಾಂಡರ್-ಇನ್-ಚೀಫ್ ಇದ್ದ. ವೈಸರಾಯ್‌ನನ್ನು ಬಿಟ್ಟರೆ ದೇಶದಲ್ಲಿ ಅವನೇ ದೊಡ್ಡವನು. 1947ರ ಆಗಸ್ಟ್ 15ರಂದು ಆ ವ್ಯವಸ್ಥೆ ಮುಗಿದು ಮೂರು ಪಡೆಗಳಿಗೆ ಮೂವರು ಮುಖ್ಯಸ್ಥರು ಬಂದರು. ಕೊಡಗಿನ ಕಾರ್ಯಪ್ಪ 1949ರ ಜನವರಿ 15ರಂದು ವಹಿಸಿಕೊಂಡದ್ದು ಭೂಸೇನೆಯೊಂದರ ಚುಕ್ಕಾಣಿಯನ್ನು. 1955ರಲ್ಲಿ ಕಮಾಂಡರ್-ಇನ್-ಚೀಫ್ ಎಂಬ ಪದವಿಯೂ ಹೋಯಿತು. ಹೊಸ ಗಣರಾಜ್ಯಕ್ಕೆ ಸೇನಾನಿಯೊಬ್ಬ ವಿಪರೀತ ಬಲಿಷ್ಠನಾಗುವ ಭಯವಿತ್ತು. ನೆರೆಯ ಪಾಕಿಸ್ತಾನದಲ್ಲಿ 1958ರಲ್ಲಿ ನಡೆದದ್ದನ್ನು ನೋಡಿದರೆ ಆ ಭಯ ಅಕಾರಣವಾಗಿರಲಿಲ್ಲ. ಆದರೆ ಅಧಿಕಾರವನ್ನು ಮೂರು ಪಾಲು ಮಾಡಿದವರು ಕೆಲಸವನ್ನು ಹೇಗೆ ಹಂಚಬೇಕೆಂದು ಸ್ಪಷ್ಟವಾಗಿ ಬರೆದಿಡಲಿಲ್ಲ.

ಇದರ ಬೆಲೆ ರಣರಂಗದಲ್ಲಿ ಗೊತ್ತಾಯಿತು. 1962ರಲ್ಲಿ ಚೀನಾ ಸೇನೆ ಮುನ್ನುಗ್ಗಿದಾಗ ವಾಯುಪಡೆ ಸಾಮಾನು ಸಾಗಿಸಿತೇ ಹೊರತು ಅದರ ಯುದ್ಧವಿಮಾನಗಳನ್ನು ದಾಳಿಗೆ ಇಳಿಸಲಿಲ್ಲ. 1965ರ ಸೆಪ್ಟೆಂಬರ್ 1ರಂದು ಛಾಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ಬೆಳಗ್ಗೆಯೇ ಗಡಿ ದಾಟಿದವು; ವಿಮಾನಗಳನ್ನು ಕಳಿಸಲು ದೆಹಲಿಯಲ್ಲಿ ಒಪ್ಪಿಗೆ ಸಿಕ್ಕಿದ್ದು ಸಂಜೆಗೆ. ಮಬ್ಬು ಬೆಳಕಿನಲ್ಲಿ ಹಾರಿದ ಹಳೆಯ ವ್ಯಾಂಪೈರ್ ವಿಮಾನಗಳಲ್ಲಿ ನಾಲ್ಕು ಬಿದ್ದವು. ಅದೇ ಯುದ್ಧದಲ್ಲಿ ನೌಕಾಪಡೆಗೆ ಪೋರಬಂದರಿನ ಅಕ್ಷಾಂಶದಿಂದ ಉತ್ತರಕ್ಕೆ ಹೋಗಬಾರದೆಂದು ಕಟ್ಟುಹಾಕಲಾಗಿತ್ತು. ಪಾಕಿಸ್ತಾನದ ಹಡಗುಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋದವು. ಸೈನಿಕವಾಗಿ ಅದು ಸಣ್ಣ ಘಟನೆ, ನಾವಿಕರಿಗೆ ಮಾತ್ರ ಮರೆಯಲಾಗದ ಅವಮಾನ.

1971ರ ಕಥೆ ಬೇರೆ. ತಯಾರಿಗೆ ತಿಂಗಳುಗಟ್ಟಲೆ ಸಮಯವಿತ್ತು, ಮೂವರು ಮುಖ್ಯಸ್ಥರು ಕೂತು ಮಾತಾಡಿದ್ದರು. ಡಿಸೆಂಬರ್ 4ರ ರಾತ್ರಿ ನೌಕಾಪಡೆಯ ಕ್ಷಿಪಣಿ ದೋಣಿಗಳು ಕರಾಚಿಗೇ ಹೋಗಿ ಹೊಡೆದವು. ಪೂರ್ವದಲ್ಲಿ ವಾಯುಪಡೆ ಆಕಾಶವನ್ನು ತನ್ನದಾಗಿಸಿಕೊಂಡು ಢಾಕಾದ ದಾರಿ ತೆರೆಯಿತು. ಗೆಲುವು ದೊಡ್ಡದಾಗಿದ್ದರಿಂದ ವ್ಯವಸ್ಥೆಯನ್ನು ಯಾರೂ ಪ್ರಶ್ನಿಸಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ವ್ಯಕ್ತಿಗಳ ಹೊಂದಾಣಿಕೆ, ನಿಯಮವಲ್ಲ.

ನಿಯಮ ಇಲ್ಲದಿರುವುದು 1999ರ ಮೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಕಾರ್ಗಿಲ್‌ನ ಎತ್ತರದಲ್ಲಿ ಕೂತ ನುಸುಳುಕೋರರ ಮೇಲೆ ದಾಳಿಗೆ ಭೂಸೇನೆ ಶಸ್ತ್ರಸಜ್ಜಿತ ಹೆಲಿಕಾಪ್ಟರ್ ಕೇಳಿತು. ಅಷ್ಟು ಎತ್ತರದಲ್ಲಿ ಹೆಲಿಕಾಪ್ಟರ್ ಸುಲಭದ ಗುರಿಯಾಗುತ್ತದೆ, ಮೇಲಾಗಿ ಸರ್ಕಾರದ ಅನುಮತಿ ಬೇಕು ಎಂದಿತು ವಾಯುಪಡೆ. ಅನುಮತಿ ಬಂದು ವಿಮಾನಗಳು ದಾಳಿಗಿಳಿದದ್ದು ಮೇ 26ರಂದು. ಎರಡೇ ದಿನದಲ್ಲಿ ಒಂದು ಎಂಐ-17 ಹೆಲಿಕಾಪ್ಟರ್ ಕ್ಷಿಪಣಿಗೆ ಬಲಿಯಾಯಿತು. ತಾಂತ್ರಿಕವಾಗಿ ವಾಯುಪಡೆಯ ಮಾತೇ ಸರಿಯಿತ್ತು. ಆದರೆ ಶತ್ರು ಬೆಟ್ಟದ ಮೇಲಿರುವಾಗ ಎರಡು ಪಡೆಗಳು ಚರ್ಚೆಯಲ್ಲಿ ದಿನ ಕಳೆದವೆನ್ನುವುದೂ ಅಷ್ಟೇ ಸರಿ.

ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ ಬಂತು, ಅದರ ಬೆನ್ನಿಗೆ ಸಚಿವರ ತಂಡ 2001ರಲ್ಲಿ ವರದಿ ಕೊಟ್ಟಿತು. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥ ಬೇಕೆಂಬ ಶಿಫಾರಸು ಅದರಲ್ಲಿತ್ತು. ಆ ಹುದ್ದೆ ತುಂಬಲು ಮತ್ತೆ 18 ವರ್ಷಕ್ಕೂ ಹೆಚ್ಚು ಬೇಕಾಯಿತು. ನಡುವೆ ನರೇಶ್ ಚಂದ್ರ ಸಮಿತಿ, ಶೇಕಟ್ಕರ್ ಸಮಿತಿ; ಸಮಿತಿಗಳಿಗೆ ಈ ದೇಶದಲ್ಲಿ ಬರಗಾಲವಿಲ್ಲ. ಅಷ್ಟರಲ್ಲಿ ಆದ ಒಂದು ಪ್ರಯೋಗವೆಂದರೆ 2001ರ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್. ಮೂರೂ ಪಡೆಗಳು ಒಬ್ಬ ಅಧಿಕಾರಿಯ ಕೆಳಗೆ ಬಂದ ಮೊದಲ ನೆಲೆ ಅದು. ಅದಕ್ಕೆ ಬೇಕಾದ ಹಡಗು, ವಿಮಾನಗಳನ್ನು ಕೊಡುವಾಗ ಮಾತ್ರ ಪ್ರತಿಯೊಂದು ಪಡೆಯ ಕೈಯೂ ಹಿಂದೆ ಸರಿಯಿತು.

2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ರಕ್ಷಣಾ ಪಡೆಗಳ ಮುಖ್ಯಸ್ಥರಾದರು. ಸಿಡಿಎಸ್ ಎಂದೇ ಪರಿಚಿತವಾದ ಈ ಹುದ್ದೆಯ ಸ್ವರೂಪ ವಿಚಿತ್ರ. ಮೂರೂ ಪಡೆಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ರಕ್ಷಣಾ ಸಚಿವರಿಗೆ ಪ್ರಧಾನ ಸಲಹೆಗಾರ, ರಕ್ಷಣಾ ಸಚಿವಾಲಯದಲ್ಲಿ ಹೊಸದಾಗಿ ಹುಟ್ಟಿದ ಸೇನಾ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿ, ಮುಖ್ಯಸ್ಥರ ಸಮಿತಿಯ ಕಾಯಂ ಅಧ್ಯಕ್ಷ. ಆದರೆ ಯಾವ ಪಡೆಯ ಮುಖ್ಯಸ್ಥನ ಮೇಲೂ ಕಮಾಂಡ್ ಅಧಿಕಾರವಿಲ್ಲ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಹೆಲಿಕಾಪ್ಟರ್ ದುರಂತದಲ್ಲಿ ರಾವತ್ ತೀರಿಕೊಂಡ ಮೇಲೆ ಹುದ್ದೆ ಒಂಬತ್ತು ತಿಂಗಳಿಗೂ ಹೆಚ್ಚು ಖಾಲಿ ಬಿತ್ತು. ಜನರಲ್ ಅನಿಲ್ ಚೌಹಾಣ್ ಬಂದದ್ದು 2022ರ ಸೆಪ್ಟೆಂಬರ್ ಕೊನೆಗೆ. ಅಷ್ಟು ತುರ್ತೆಂದು ಹೇಳಿದ ಹುದ್ದೆ ಅಷ್ಟು ಕಾಲ ಖಾಲಿ ಇದ್ದರೂ ನಡೆಯಿತೆಂಬುದು ಅದಕ್ಕೆ ಕೊಟ್ಟ ತೂಕವನ್ನು ತೋರಿಸುತ್ತದೆ.

ಸದ್ದಿಲ್ಲದೆ ಆದ ಗಟ್ಟಿ ಕೆಲಸ ಒಂದಿದೆ. ಭೂಸೇನೆಗೆ, ವಾಯುಪಡೆಗೆ 1950ರ ಪ್ರತ್ಯೇಕ ಕಾಯ್ದೆಗಳು, ನೌಕಾಪಡೆಗೆ 1957ರದು. ಜಂಟಿ ನೆಲೆಯೊಂದರ ಮುಖ್ಯಸ್ಥ ನೌಕಾಧಿಕಾರಿಯಾಗಿದ್ದರೆ ತನ್ನ ಕೈಕೆಳಗಿನ ವಾಯುಪಡೆಯ ಸಿಬ್ಬಂದಿ ತಪ್ಪು ಮಾಡಿದಾಗ ಶಿಸ್ತುಕ್ರಮ ಕೈಗೊಳ್ಳಲು ಆಗುತ್ತಿರಲಿಲ್ಲ. ಅವನನ್ನು ಮಾತೃಪಡೆಗೆ ಹಿಂದಕ್ಕೆ ಕಳಿಸಬೇಕಿತ್ತು. ದಂಡಿಸಲಾಗದವನ ಮಾತು ಯುದ್ಧದಲ್ಲಿ ಎಷ್ಟು ನಡೆದೀತು? 2023ರಲ್ಲಿ ಸಂಸತ್ತು ಒಪ್ಪಿದ, 2024ರ ಮೇ 10ರಿಂದ ಜಾರಿಗೆ ಬಂದ ಕಾಯ್ದೆ ಈ ತೊಡಕನ್ನು ಬಿಡಿಸಿತು.

ಬೇರೆ ದೇಶಗಳೂ ಈ ದಾರಿಯಲ್ಲಿ ಸುಲಭವಾಗಿ ಸಾಗಿಲ್ಲ. ಅಮೆರಿಕದ ಪಡೆಗಳು 1948ರಲ್ಲಿ ಕೀ ವೆಸ್ಟ್‌ನಲ್ಲಿ ಕೂತು ಕೆಲಸ ಹಂಚಿಕೊಂಡರೂ ಮರುವರ್ಷವೇ ಬಾಂಬರ್ ಮುಖ್ಯವೋ ವಿಮಾನವಾಹಕ ಹಡಗು ಮುಖ್ಯವೋ ಎಂದು ಬೀದಿಜಗಳಕ್ಕಿಳಿದವು. ಇರಾನಿನಲ್ಲಿ ಒತ್ತೆಯಾಳುಗಳನ್ನು ಬಿಡಿಸುವ 1980ರ ಯತ್ನ ನೆಲಕಚ್ಚಿದ ಮೇಲೆ, 1986ರಲ್ಲಿ ಗೋಲ್ಡ್‌ವಾಟರ್-ನಿಕೋಲ್ಸ್ ಕಾಯ್ದೆಯ ಮೂಲಕ ಅಲ್ಲಿನ ಸಂಸತ್ತೇ ಪಡೆಗಳನ್ನು ಒಟ್ಟಿಗೆ ಕೂರಿಸಿತು. ಚೀನಾ 2016ರಲ್ಲಿ ತನ್ನ ಏಳು ಸೇನಾ ಪ್ರದೇಶಗಳನ್ನು ಐದು ಥಿಯೇಟರ್ ಕಮಾಂಡ್‌ಗಳಾಗಿ, ಅಂದರೆ ಒಂದು ವಲಯದ ಎಲ್ಲ ಪಡೆಗಳೂ ಒಬ್ಬನೇ ದಂಡನಾಯಕನ ಕೆಳಗಿರುವ ಕಮಾಂಡ್‌ಗಳಾಗಿ ಮಾಡಿತು. ಲಡಾಖಿನಿಂದ ಅರುಣಾಚಲದವರೆಗಿನ ವಾಸ್ತವ ನಿಯಂತ್ರಣ ರೇಖೆಯ ಆಚೆಗೆ ಈಗ ಒಂದೇ ಪಶ್ಚಿಮ ಥಿಯೇಟರ್ ಇದೆ. ಈಚೆಗೆ ಎರಡು ಪಡೆಗಳ ಹಲವು ಕಮಾಂಡ್‌ಗಳು.

ಭಾರತದ ಥಿಯೇಟರ್ ಯೋಜನೆಯೂ ಇದೇ ಮಾದರಿಯದು. ಪತ್ರಿಕಾ ವರದಿಗಳ ಪ್ರಕಾರ ಮೂರು ಥಿಯೇಟರ್‌ಗಳ ಕೇಂದ್ರ ಕಚೇರಿಗಳು ಹೀಗೆ: ಚೀನಾ ಗಡಿಗೆ ಲಖನೌ, ಪಾಕಿಸ್ತಾನದ ಗಡಿಗೆ ಜೈಪುರ, ಸಮುದ್ರಕ್ಕೆ ತಿರುವನಂತಪುರ. ಮೊದಮೊದಲು ಕಾರವಾರದ ಹೆಸರೂ ಕೇಳಿಬಂದಿತ್ತು. ಇದಕ್ಕೆ ಬಂದಿರುವ ಆಕ್ಷೇಪಗಳಲ್ಲಿ ವಾಯುಪಡೆಯದು ಎಲ್ಲಕ್ಕಿಂತ ಗಟ್ಟಿ. ಯುದ್ಧವಿಮಾನ ಬೆಳಗ್ಗೆ ಒಂದು ಗಡಿಯಲ್ಲಿ, ಸಂಜೆ ಇನ್ನೊಂದರಲ್ಲಿ ಕೆಲಸ ಮಾಡಬಲ್ಲದು. ಮಂಜೂರಾದ 42 ಸ್ಕ್ವಾಡ್ರನ್‌ಗಳಿಗೆ ಬದಲಾಗಿ ಇರುವುದೇ ಮೂವತ್ತರ ಆಸುಪಾಸು. ಆಕಾಶದಲ್ಲೇ ಇಂಧನ ತುಂಬುವ ಇಲ್ಯುಶಿನ್ ವಿಮಾನಗಳು ಆರೇ ಆರು. ಇವನ್ನು ಮೂರು ಪಾಲು ಮಾಡಿದರೆ ಯಾರಿಗೂ ಸಾಲುವುದಿಲ್ಲ. 2021ರ ಜುಲೈಯಲ್ಲಿ ರಾವತ್ ವಾಯುಪಡೆಯನ್ನು ಫಿರಂಗಿದಳದ ಹಾಗೆ ಪೂರಕ ಅಂಗವೆಂದು ಕರೆದಾಗ ಅಂದಿನ ವಾಯುಪಡೆ ಮುಖ್ಯಸ್ಥ ಭದೌರಿಯಾ ಬಹಿರಂಗವಾಗಿಯೇ ಒಪ್ಪಲಿಲ್ಲ. ರಾವತ್ ಮಾತು ಹಳೆಯ ಭೂಸೇನೆಯ ದೃಷ್ಟಿಯಿಂದ ಬಂದದ್ದು. ಸುಧಾರಣೆಗೆ ಅದರಿಂದ ಆದದ್ದು ನಷ್ಟವೇ.

ನಕ್ಷೆಯ ಗೆರೆಗಳ ಚರ್ಚೆಯಲ್ಲಿ ಹಿಂದೆ ಉಳಿದಿರುವುದು ಮೂಲ ಪ್ರಶ್ನೆ: ಯಾವ ಕೆಲಸ ಯಾರದು. ದಾಳಿ ಹೆಲಿಕಾಪ್ಟರ್‌ಗಳನ್ನೇ ನೋಡಬಹುದು. 1986ರ ನವೆಂಬರ್ 1ರಂದು ಭೂಸೇನೆಗೆ ಸ್ವಂತ ವಾಯುದಳ ಸಿಕ್ಕಿತು, ದಾಳಿ ಹೆಲಿಕಾಪ್ಟರ್‌ಗಳು ಮಾತ್ರ ವಾಯುಪಡೆಯಲ್ಲೇ ಉಳಿದವು. ಆಮೇಲೆ ವಾಯುಪಡೆಗೆ 22 ಅಪಾಚೆ ಕೊಂಡರು, ಭೂಸೇನೆ ಪಟ್ಟು ಹಿಡಿದಾಗ ಅದಕ್ಕೂ ಆರು. 2025ರ ಮಾರ್ಚ್‌ನಲ್ಲಿ ಎಚ್‌ಎಎಲ್‌ಗೆ ಕೊಟ್ಟ 156 ಪ್ರಚಂಡ್ ಹೆಲಿಕಾಪ್ಟರ್‌ಗಳ ಆರ್ಡರ್‌ನಲ್ಲಿ 90 ಭೂಸೇನೆಗೆ, 66 ವಾಯುಪಡೆಗೆ. ಬೆಂಗಳೂರು, ತುಮಕೂರಿನ ಕಾರ್ಖಾನೆಗಳಿಗೆ ಇದು ವರ್ಷಗಟ್ಟಲೆ ಕೆಲಸ. ಆದರೆ ಒಂದೇ ಯಂತ್ರಕ್ಕೆ ಎರಡು ಪಡೆಗಳಲ್ಲಿ ಎರಡು ತರಬೇತಿ, ಎರಡು ಉಗ್ರಾಣ ಬೇಕಾಗುತ್ತದೆ. ಇದನ್ನು ಹಂಚಿಕೆ ಎನ್ನುವುದಕ್ಕಿಂತ ರಾಜಿ ಎನ್ನುವುದೇ ಸರಿ.

ಯುದ್ಧದ ಹೊರಗಿನ ಹೊಣೆಗಳೂ ಹೀಗೆಯೇ ಪೆಟ್ಟು ಬಿದ್ದಾಗ ಬದಲಾಗಿವೆ. ಕಛ್‌ನ ಘರ್ಷಣೆಯ ನಂತರ 1965ರ ಡಿಸೆಂಬರ್‌ನಲ್ಲಿ ಗಡಿ ಭದ್ರತಾ ಪಡೆ ಹುಟ್ಟಿತು. ಒಳನಾಡಿನ ಬಂಡಾಯಕ್ಕಾಗಿ 1990ರಲ್ಲಿ ರಾಷ್ಟ್ರೀಯ ರೈಫಲ್ಸ್. ಮುಂಬೈ ದಾಳಿಯಾದ ಮೇಲೆ 2009ರಲ್ಲಿ ಕರಾವಳಿ ಸೇರಿ ಸಮುದ್ರ ಭದ್ರತೆಯ ಒಟ್ಟು ಹೊಣೆ ನೌಕಾಪಡೆಗೆ. ಚೀನಾ ಜೊತೆ ಗಾಲ್ವಾನ್ ಘರ್ಷಣೆ ಆದ ಮೇಲೆ, ಪಾಕಿಸ್ತಾನದ ಕಡೆಗೆ ಮುಖ ಮಾಡಿದ್ದ ಮಥುರಾದ ದಾಳಿ ದಳವನ್ನು ಉತ್ತರದ ಬೆಟ್ಟಗಳತ್ತ ತಿರುಗಿಸಿದರು.

ಪಾಕಿಸ್ತಾನದ ವಿರುದ್ಧ 2025ರ ಮೇ ತಿಂಗಳ ಆಪರೇಷನ್ ಸಿಂಧೂರ ನಡೆದದ್ದು ಥಿಯೇಟರ್‌ಗಳಿಲ್ಲದ ಹಳೆಯ ವ್ಯವಸ್ಥೆಯಲ್ಲೇ. ಅದರ ಪಾಠವನ್ನು ಪ್ರತಿ ಪಡೆಯೂ ತನ್ನಂತೆ ಓದಿಕೊಂಡಿದೆ. ಆಗಸ್ಟ್‌ನಲ್ಲಿ ಮಹೂದ ವಿಚಾರಗೋಷ್ಠಿಯಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವಸರ ಬೇಡವೆಂದರು, ದೆಹಲಿಯಲ್ಲೇ ಒಂದು ಜಂಟಿ ಯೋಜನಾ ಕೇಂದ್ರ ಸಾಕೆಂಬ ಸಲಹೆ ಕೊಟ್ಟರು. ನೌಕಾಪಡೆ ಮುಖ್ಯಸ್ಥ ದಿನೇಶ್ ತ್ರಿಪಾಠಿ ಥಿಯೇಟರ್ ಪರ ಮಾತಾಡಿದರು. ಭಿನ್ನಮತ ಇರುವುದನ್ನು ಚೌಹಾಣ್ ಅಲ್ಲೇ ಒಪ್ಪಿಕೊಂಡರು. ಥಿಯೇಟರ್ ಬಂದರೆ ಮೂವರು ಮುಖ್ಯಸ್ಥರ ಪಾಲಿಗೆ ಉಳಿಯುವುದು ಸೈನಿಕರನ್ನು ಸೇರಿಸಿಕೊಳ್ಳುವುದು, ತರಬೇತಿ, ಸಲಕರಣೆ ಇಷ್ಟೇ. ಯುದ್ಧ ನಡೆಸುವ ಅಧಿಕಾರ ಥಿಯೇಟರ್ ದಂಡನಾಯಕರಿಗೆ ಹೋಗುತ್ತದೆ. ಆ ದಂಡನಾಯಕರು ಯಾರ ಮಾತು ಕೇಳಬೇಕು, ಸಿಡಿಎಸ್ ಮಾತನ್ನೋ ನೇರವಾಗಿ ರಕ್ಷಣಾ ಸಚಿವರ ಮಾತನ್ನೋ ಎಂಬುದನ್ನು ಪಡೆಗಳು ತಮ್ಮತಮ್ಮಲ್ಲೇ ತೀರ್ಮಾನಿಸಲಾರವು. ಅದು ಸಂಪುಟದ ಕೆಲಸ.