ದಯೆಯ ಹೆಸರಿನ ಸೆರೆಮನೆ

ಹಸಿದು ಬಂದ ನಾಯಿಗೆ ಒಂದು ತುತ್ತು ಅನ್ನವಿಕ್ಕುವುದು ನಮ್ಮ ಜನರ ಹಳೆಯ ವಾಡಿಕೆ. ಆದರೆ ಅದೇ ಕರುಣೆಯು ಮಿತಿ ತಪ್ಪಿ, ಎರಡು ಕೋಣೆಗಳ ಮನೆಯಲ್ಲಿ ಹತ್ತಾರು ನಾಯಿಬೆಕ್ಕುಗಳನ್ನು ಕೂಡಿಹಾಕುವ ಮಟ್ಟಕ್ಕೆ ಬಂದಿತೆಂದರೆ, ಅಲ್ಲಿ ಅನ್ನವೂ ಸಾಲದು, ಗಾಳಿಯೂ ಸಾಲದು. ಒಂದಕ್ಕೆ ತಗುಲಿದ ರೋಗವು ಎಲ್ಲಕ್ಕೂ ಹರಡುವುದು. ನೆರೆಯವರು ದುರ್ಗಂಧವನ್ನು ತಾಳಲಾರದೆ ದೂರು ಕೊಡುವರು. ಆಗ ಪೌರಾಡಳಿತವು ಏನು ಮಾಡಬಲ್ಲುದು?

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಪ್ರಕರಣದಂತೆ, ಸಾಕಿದವನು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯಗಳನ್ನು ಒದಗಿಸದಿರುವುದು ಅಪರಾಧವೇ ಸರಿ. ಆದರೆ ಮೊದಲ ಅಪರಾಧಕ್ಕೆ ಆ ಕಾಯಿದೆ ಗೊತ್ತುಮಾಡಿದ ದಂಡ ಹತ್ತು ರೂಪಾಯಿಗಳಿಂದ ಐವತ್ತು ರೂಪಾಯಿಗಳವರೆಗೆ ಮಾತ್ರ! ದಂಡವನ್ನು ಹೆಚ್ಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೇ ಸೂಚಿಸಿತು; ತಿದ್ದುಪಡಿಯ ಕರಡು ಹೊರಬಿದ್ದುದು 2022ರಲ್ಲಿ. 29ನೆಯ ಪ್ರಕರಣವು ಪ್ರಾಣಿಯನ್ನು ಒಡೆಯನಿಂದ ಬಿಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆಯಾದರೂ, ಅದಕ್ಕೆ ಮೊದಲು ಅಪರಾಧವು ಸಾಬೀತಾಗಬೇಕು.

ಕೇಂದ್ರದ ಕಾಯಿದೆ ಸಡಿಲವಾಗಿರುವಲ್ಲಿ ಸ್ಥಳೀಯ ಸಂಸ್ಥೆಗಳ ಹೊಣೆ ಹೆಚ್ಚುವುದು. ರಾಜ್ಯಾಂಗದ ಹನ್ನೆರಡನೆಯ ಅನುಸೂಚಿಯು ಪ್ರಾಣಿಹಿಂಸೆಯ ನಿವಾರಣೆಯನ್ನು ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳಲ್ಲಿ ಸೇರಿಸಿದೆ. ಬೆಂಗಳೂರಿನಲ್ಲಿ ನಡೆದುದನ್ನು ನೋಡಿರಿ. ಮಹಡಿಯ ವಸತಿಯೊಂದಕ್ಕೆ ಒಂದೇ ನಾಯಿ, ಬಿಡಿಮನೆಯೊಂದಕ್ಕೆ ಮೂರು ಎಂಬ ನಿಯಮವನ್ನು 2018ರಲ್ಲಿ ಪಾಲಿಕೆಯು ತಂದಿತು. ಜನರ ವಿರೋಧವೆದ್ದೊಡನೆ ಅದನ್ನು ಕೈಬಿಡಬೇಕಾಯಿತು. ವಿರೋಧವು ಅಕಾರಣವಾಗಿರಲಿಲ್ಲ. ನಾಲ್ಕು ನಾಯಿಗಳನ್ನು ಮಕ್ಕಳಂತೆ ಸಾಕುವವನು ಆ ನಿಯಮದಂತೆ ಅಪರಾಧಿ. ಒಂದೇ ನಾಯಿಯನ್ನು ಸರಪಣಿಯಲ್ಲಿ ಕಟ್ಟಿ ಉಪವಾಸ ಕೆಡಹುವವನು ನಿರ್ದೋಷಿ!

ಹಾಗೆಂದು ಸಂಖ್ಯೆಗೆ ಬೆಲೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಸಂಖ್ಯೆಯು ಅಪರಾಧದ ಅಳತೆಯಾಗಬಾರದು, ತನಿಖೆಗೆ ಕಾರಣವಾಗಬೇಕು. ಗೊತ್ತಾದ ಮಿತಿಯನ್ನು ಮೀರಿ ಸಾಕುವವರು ತಮ್ಮ ಪ್ರಾಣಿಗಳನ್ನು ನೋಂದಾಯಿಸಲಿ. ಪಶುವೈದ್ಯರು ವರ್ಷಕ್ಕೆರಡು ಬಾರಿ ಬಂದು ಸ್ಥಳ, ಆಹಾರ, ಲಸಿಕೆ, ಶುಚಿತ್ವಗಳನ್ನು ಪರೀಕ್ಷಿಸಲಿ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯು ಭೂತದಯೆಗೂ ಸಲ್ಲುವುದು.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಹೀಗೆ ಕೂಡಿಹಾಕುವವರಲ್ಲಿ ಹಲವರು ಕ್ರೂರಿಗಳಲ್ಲ. ಕಣ್ಣೆದುರಿಗೆ ಪ್ರಾಣಿಗಳು ಸೊರಗುತ್ತಿದ್ದರೂ ಅದು ಅವರ ಅರಿವಿಗೆ ಬಾರದು. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ವಸ್ತುಗಳನ್ನು ಬಿಡಲಾರದೆ ಕೂಡಿಹಾಕುವ ಚಾಳಿಯನ್ನು ವ್ಯಾಧಿಯೆಂದು ಗಣಿಸಿ, ಪ್ರಾಣಿಗಳ ಸಂಗತಿಯನ್ನೂ ಅಲ್ಲಿಯೇ ಪ್ರಸ್ತಾಪಿಸಿದೆ. ಆ ದೇಶದ ಇಲಿನಾಯ್ ರಾಜ್ಯವು 2001ರಲ್ಲಿಯೇ ಇಂಥವರನ್ನು ಶಾಸನದಲ್ಲಿ ಹೆಸರಿಸಿ, ಅವರನ್ನು ಮಾನಸಿಕ ಪರೀಕ್ಷೆಗೂ ಚಿಕಿತ್ಸೆಗೂ ಒಳಪಡಿಸುವ ದಾರಿಯನ್ನು ತೆರೆಯಿತು. ಚಿಕಿತ್ಸೆಯಿಲ್ಲದೆ ಪ್ರಾಣಿಗಳನ್ನಷ್ಟೇ ಒಯ್ದರೆ, ಬರಿದಾದ ಮನೆಯು ಕೆಲಕಾಲದಲ್ಲಿಯೇ ಮತ್ತೆ ತುಂಬುವುದು.

ಒಯ್ದ ಪ್ರಾಣಿಗಳನ್ನು ಇಡುವುದಾದರೂ ಎಲ್ಲಿ? ಪ್ರತಿ ಜಿಲ್ಲೆಯಲ್ಲಿಯೂ ಪ್ರಾಣಿದಯಾಸಂಘವಿರಬೇಕೆಂದು 2001ರ ನಿಯಮಗಳು ವಿಧಿಸಿವೆ. ಕಾಗದದ ಮೇಲಿನ ಸಂಘವು ಒಂದು ಕುನ್ನಿಗೂ ನೆರಳಾಗದು. ಆಶ್ರಯಸ್ಥಾನ, ಪಶುವೈದ್ಯ, ಹಣ ಈ ಮೂರನ್ನು ಒದಗಿಸದೆ ನಿಯಮಗಳನ್ನು ಮಾತ್ರ ಬರೆಯುವ ಪೌರಾಡಳಿತವು, ಅನ್ನವಿಲ್ಲದೆ ಪ್ರಾಣಿಗಳನ್ನು ಕೂಡಿಹಾಕಿದವನನ್ನು ಯಾವ ಮುಖದಿಂದ ದಂಡಿಸೀತು?